ಲೈನ್ ನಿಲ್ಲಿಸೋ ಅಧಿಕಾರ: ಹಾಲಿನ ಪ್ಯಾಕೆಟ್ ಹಿಂದಿನ ಸೂಪರ್‌ವೈಸರ್ ಕೆಲಸ

ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಕೆಲವು ಹುದ್ದೆಗಳ ಹೆಸರು ಓದಿ ನಾವೆಲ್ಲ ಹಾಗೇ ಸ್ಕ್ರಾಲ್ ಮಾಡಿ ಮುಂದಕ್ಕೆ ಹೋಗಿಬಿಡ್ತೀವಿ. 'ಪ್ಯಾಕೇಜಿಂಗ್ ಸೂಪರ್‌ವೈಸರ್, ಫುಡ್ ಅಂಡ್ ಬೆವರೇಜಸ್' ಅಂಥದ್ದೊಂದು. ನಾಲ್ಕು ವರ್ಷ ಫ್ಲೂಯಿಡ್ ಮೆಕ್ಯಾನಿಕ್ಸ್, ಕಂಟ್ರೋಲ್ ಸಿಸ್ಟಮ್ಸ್ ಅಂತ ಓದಿ, ಕೊನೆಗೆ ಕವರಿಗೆ ಹಾಲು ತುಂಬೋದನ್ನ ನೋಡ್ಕೊಂಡು ನಿಲ್ಲೋ ಕೆಲಸಾನಾ ಅನ್ನೋದು ನಮ್ಮ ಮೊದಲ ಪ್ರಶ್ನೆ. ಪ್ರಶ್ನೆ ತಪ್ಪಲ್ಲ. ಆದ್ರೆ ಅದಕ್ಕೆ ಉತ್ತರ ಹೇಳೋಕೆ ಆ ಕೆಲಸದೊಳಗೆ ಏನಿದೆ ಅಂತ ಗೊತ್ತಿರಬೇಕು.

ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಅಂತ ಒಂದು ಡೈರಿಗೆ ಹೋಗಿದ್ದೆ. ಆರು ವಾರದಲ್ಲಿ ಹೆಚ್ಚಿನ ರಾತ್ರಿಗಳು ಕಳೆದದ್ದು ಪ್ಯಾಕಿಂಗ್ ಸೆಕ್ಷನ್‌ನಲ್ಲಿ. ಅಲ್ಲಿ ನೋಡಿದ್ದು, ಆಮೇಲೆ ಓದಿ ತಿಳ್ಕೊಂಡಿದ್ದು ಎರಡನ್ನೂ ಸೇರಿಸಿ ಈ ಲೇಖನ. ಬಿಸ್ಕತ್ತು, ಜ್ಯೂಸ್, ಚಿಪ್ಸ್, ಯಾವ ಕಾರ್ಖಾನೆಯಲ್ಲಾದರೂ ಈ ಹುದ್ದೆ ಇರುತ್ತೆ. ನಾನು ಹಾಲಿನ ಪ್ಯಾಕೆಟ್ಟನ್ನೇ ಹಿಡ್ಕೊಳ್ತೀನಿ, ಯಾಕಂದ್ರೆ ಅದು ನಮ್ಮೆಲ್ಲರ ಮನೆಗೂ, ಹಾಸ್ಟೆಲ್ ಮೆಸ್ಸಿಗೂ ದಿನಾ ಬರುತ್ತೆ.

ಸೈಲೋ ತನಕ ಒಂದು, ಆಮೇಲೆ ಮೂವತ್ತೈದು ಸಾವಿರ

ಡೈರಿಗೆ ಬಂದ ಹಾಲನ್ನ ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡ್ತಾರೆ. ಫ್ಯಾಟ್, ಎಸ್‌ಎನ್‌ಎಫ್ ಹೊಂದಿಸ್ತಾರೆ. ಟೋನ್ಡ್ ಹಾಲು ಅಂದ್ರೆ ಫ್ಯಾಟ್ 3 ಶೇಕಡಾ, ಎಸ್‌ಎನ್‌ಎಫ್ 8.5 ಶೇಕಡಾ. ಆಮೇಲೆ ಪಾಶ್ಚರೀಕರಣ: 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್. ತಕ್ಷಣ 4 ಡಿಗ್ರಿ ಆಸುಪಾಸಿಗೆ ತಣಿಸಿ ಸೈಲೋಗೆ ಕಳಿಸ್ತಾರೆ. ಅಲ್ಲಿಂದ ಪ್ಯಾಕಿಂಗ್ ಮಷೀನು, ಕ್ರೇಟು, ಕೋಲ್ಡ್ ಸ್ಟೋರು, ಕೊನೆಗೆ ಲಾರಿ.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಸೈಲೋದಲ್ಲಿ ಇರೋ ತನಕ ಹಾಲು ಅಷ್ಟೂ ಒಂದೇ. ಚೆನ್ನಾಗಿ ಕಲಸಿ ತೆಗೆದ ಒಂದು ಸ್ಯಾಂಪಲ್ ನೋಡಿದ್ರೆ ಇಡೀ ಸೈಲೋ ಬಗ್ಗೆ ಹೇಳಬಹುದು. ಪ್ಯಾಕಿಂಗ್ ಮಷೀನ್ ದಾಟಿದ ಮೇಲೆ ಅದು ಸಾವಿರಾರು ಬೇರೆ ಬೇರೆ ವಸ್ತು. ಒಂದು ಪ್ಯಾಕೆಟ್ ಸರಿ ಇದೆ ಅಂದ ಮಾತ್ರಕ್ಕೆ ಪಕ್ಕದ ಪ್ಯಾಕೆಟ್ ಸರಿ ಇದೆ ಅಂತ ಹೇಳೋಕಾಗಲ್ಲ. ಎರಡು ಹೆಡ್ ಇರೋ ಒಂದು ಮಾಮೂಲಿ ಪೌಚ್ ಮಷೀನು ಗಂಟೆಗೆ ಸುಮಾರು 5,000 ಪ್ಯಾಕೆಟ್ ತೆಗೆಯುತ್ತೆ. ಏಳು ಗಂಟೆ ಓಡಿದ್ರೆ 35,000. ಎಲ್ಲವನ್ನೂ ಒಡೆದು ನೋಡೋಕೆ ಯಾರಿಂದಲೂ ಆಗಲ್ಲ.

ಎರಡು, ಪಾಶ್ಚರೀಕರಣ ಆದ ಮೇಲೆ ಡೈರಿಯಲ್ಲಿ ಹಾಲಿಗೆ ಮತ್ತೆ ಬಿಸಿ ತಾಗಲ್ಲ. ಪ್ಯಾಕಿಂಗ್‌ನಲ್ಲಿ ಏನಾದರೂ ಒಳಗೆ ಸೇರಿಕೊಂಡರೆ ಅದನ್ನ ಕೊಲ್ಲೋಕೆ ಮುಂದೆ ಯಾವ ಹಂತವೂ ಇಲ್ಲ. ಹಿಂದಿನ ಎಲ್ಲರೂ ಸರಿಯಾಗಿ ಮಾಡಿದ ಕೆಲಸ ಇಲ್ಲಿ ಕೆಡಬಹುದು. ಇಲ್ಲಿ ಕೆಟ್ಟದ್ದನ್ನ ಸರಿ ಮಾಡೋಕೆ ಮುಂದೆ ಯಾರೂ ಇಲ್ಲ.

ಹಾಗಾಗಿ ಪ್ಯಾಕೇಜಿಂಗ್ ಸೂಪರ್‌ವೈಸರ್ ಅಂದ್ರೆ ಕಾರ್ಖಾನೆಯೊಳಗೆ ಆ ಪದಾರ್ಥವನ್ನ ಕೊನೆಯದಾಗಿ ನೋಡಿ 'ಹೋಗಲಿ' ಅಥವಾ 'ನಿಲ್ಲಲಿ' ಅನ್ನೋ ವ್ಯಕ್ತಿ. ಉಳಿದ ಕೆಲಸಗಳೆಲ್ಲ ಈ ಒಂದು ನಿರ್ಧಾರದ ಸುತ್ತ ಇರೋದು.

ಮಷೀನ್ ಏನು ಮಾಡುತ್ತೆ

ಪೌಚ್ ಮಷೀನ್‌ನ ಮೂಲ ಹೆಸರು ಫಾರ್ಮ್-ಫಿಲ್-ಸೀಲ್. ಪ್ಲಾಸ್ಟಿಕ್ ಫಿಲ್ಮಿನ ರೋಲು ಮೇಲಿಂದ ಬಿಚ್ಚಿಕೊಳ್ತಾ ಬರುತ್ತೆ. ದಾರಿಯಲ್ಲಿ ಯುವಿ ದೀಪದ ಕೆಳಗೆ ಹಾದು ಅದರ ಒಳಮೈ ಶುದ್ಧವಾಗುತ್ತೆ. ಅಂಗಿಯ ಕಾಲರ್ ತರ ಇರೋ ಒಂದು ಭಾಗದ ಮೇಲೆ ಜಾರಿ ಅಗಲವಾದ ಫಿಲ್ಮು ಕೊಳವೆ ಆಕಾರಕ್ಕೆ ಮಡಚಿಕೊಳ್ಳುತ್ತೆ. ಉದ್ದಕ್ಕೆ ಒಂದು ಸೀಲು, ಕೆಳಗೆ ಅಡ್ಡಕ್ಕೆ ಒಂದು ಸೀಲು. ಹಾಲು ಬೀಳುತ್ತೆ, ಮೇಲೆ ಅಡ್ಡ ಸೀಲು ಬಿದ್ದು ಕಟ್ ಆಗುತ್ತೆ. ಈ ಮೇಲಿನ ಸೀಲೇ ಮುಂದಿನ ಪ್ಯಾಕೆಟ್ಟಿನ ಕೆಳಗಿನ ಸೀಲು. ಒಂದು ಹೆಡ್‌ನಲ್ಲಿ ಇದೆಲ್ಲ ಒಂದೂವರೆ ಸೆಕೆಂಡಿನೊಳಗೆ ಮುಗಿಯುತ್ತೆ.

ನೋಡೋಕೆ ಸುಲಭ. ಆದ್ರೆ ಇಲ್ಲಿ ಮೂರು ವಿಷಯ ಒಟ್ಟಿಗೆ ಸರಿ ಇರಬೇಕು: ಅಳತೆ, ಸೀಲು, ಮೇಲಿನ ಮುದ್ರಣ. ಮೂರರಲ್ಲೂ ನಮ್ಮ ಸಿಲಬಸ್ ಕೂತಿದೆ.

500 ಮಿ.ಲೀ. ಅಂದ್ರೆ ಎಷ್ಟು

ಪ್ಯಾಕೆಟ್ ಮೇಲೆ ಮಿಲಿಲೀಟರ್ ಇರುತ್ತೆ, ಶಾಪ್ ಫ್ಲೋರ್‌ನಲ್ಲಿರೋ ತಕ್ಕಡಿ ಗ್ರಾಂ ತೋರಿಸುತ್ತೆ. ಹಾಲಿನ ಸಾಂದ್ರತೆ ಸುಮಾರು 1.03. ಅಂದ್ರೆ 500 ಮಿ.ಲೀ. ಹಾಲು 515 ಗ್ರಾಂ. ಅದಕ್ಕೆ ಕವರಿನ ತೂಕ ಎರಡೂವರೆ ಗ್ರಾಂ ಆಸುಪಾಸು ಸೇರಿಸಿ. ತಕ್ಕಡಿ ಮೇಲೆ 505 ಗ್ರಾಂ ಕಂಡು 'ಐದು ಗ್ರಾಂ ಜಾಸ್ತಿನೇ ಇದೆ' ಅಂತ ಖುಷಿಪಟ್ಟರೆ, ನಿಜಕ್ಕೂ ಹತ್ತು ಹನ್ನೆರಡು ಮಿ.ಲೀ. ಕಡಿಮೆ ಹೋಗ್ತಾ ಇದೆ ಅಂತ ಅರ್ಥ.

ಎಷ್ಟು ಕಡಿಮೆ ಇದ್ದರೆ ತಪ್ಪು? 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳಲ್ಲಿ ಇದಕ್ಕೆ ಪಟ್ಟಿಯೇ ಇದೆ. 300ರಿಂದ 500ರ ತನಕದ ಪ್ಯಾಕ್‌ಗೆ ಶೇಕಡಾ 3, 500ಕ್ಕಿಂತ ಮೇಲೆ 1,000ದ ತನಕ 15 ಗ್ರಾಂ ಅಥವಾ 15 ಮಿ.ಲೀ. ಅರ್ಧ ಲೀಟರ್ ಪ್ಯಾಕೆಟ್ಟಿಗೆ ಎರಡರಲ್ಲಿ ಯಾವ ಸಾಲು ಹಿಡಿದರೂ ಬರೋದು 15 ಮಿ.ಲೀ. ಆದ್ರೆ ಇದನ್ನ 'ಎಲ್ಲದರಲ್ಲೂ 15 ಮಿ.ಲೀ. ಕಡಿಮೆ ಹಾಕಬಹುದು' ಅಂತ ಓದಬಾರದು. ಸ್ಯಾಂಪಲ್ ತೆಗೆದ ಪ್ಯಾಕೆಟ್ಟುಗಳ ಸರಾಸರಿಯೂ ನಮೂದಿಸಿದ ಪ್ರಮಾಣಕ್ಕೆ ನಿಲ್ಲಬೇಕು. ಒಂದೊಂದು ಪ್ಯಾಕೆಟ್ಟಿಗೆ ಒಂದು ಮಿತಿ, ಒಟ್ಟು ಗುಂಪಿಗೆ ಇನ್ನೊಂದು. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ ಮೀನ್ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ ಇಲ್ಲಿ ಕಾನೂನಾಗಿದೆ ಅಷ್ಟೇ.

ಈಗ ಮಷೀನ್ ಕಡೆ ಬನ್ನಿ. ಸಮಯದ ಲೆಕ್ಕದಲ್ಲಿ ತುಂಬೋ ಮಷೀನ್‌ಗಳಲ್ಲಿ ವಾಲ್ವ್ ಇಷ್ಟು ಹೊತ್ತು ತೆರೆದಿರಬೇಕು ಅಂತ ಸೆಟ್ ಮಾಡಿರ್ತಾರೆ. ಹಾಲು ಬರೋದು ಮೇಲಿನ ಬ್ಯಾಲೆನ್ಸ್ ಟ್ಯಾಂಕ್‌ನಿಂದ. ಎರಡನೇ ವರ್ಷದಲ್ಲಿ ಓದಿದ ಟೊರಿಸೆಲಿ ಸೂತ್ರ ನೆನಪಿದೆಯಾ? ವೇಗ ಎತ್ತರದ ವರ್ಗಮೂಲಕ್ಕೆ ಅನುಪಾತ. ಟ್ಯಾಂಕ್ ಮಟ್ಟ ಇಳಿದು ಆ ಎತ್ತರ ಶೇಕಡಾ 10 ಕಡಿಮೆಯಾದರೆ ಹರಿವು ಸುಮಾರು ಶೇಕಡಾ 5 ಇಳಿಯುತ್ತೆ. 500ರಲ್ಲಿ ಶೇಕಡಾ 5 ಅಂದ್ರೆ 25 ಮಿ.ಲೀ. ಕಾನೂನಿನ ಮಿತಿ 15. ಒಂದು ಫ್ಲೋಟ್ ವಾಲ್ವ್ ಸಿಕ್ಕಿಹಾಕ್ಕೊಂಡ್ರೆ ಸಾಕು, ಮಷೀನ್ ತನ್ನ ಪಾಡಿಗೆ ತಾನು ಓಡ್ತಾನೇ ಇರುತ್ತೆ, ಪ್ಯಾಕೆಟ್ಟೆಲ್ಲ ಕಮ್ಮಿ. ಹಾಲಿನಲ್ಲಿ ನೊರೆ ಬಂದ್ರೂ ಇದೇ ಕಥೆ: ಜಾಗ ತುಂಬಿದ ಹಾಗೆ ಕಾಣುತ್ತೆ, ಒಳಗಿರೋದು ಗಾಳಿ.

ಕಡಿಮೆ ಹೋಗಬಾರದು ಅಂತ ಹೆದರಿ ಜಾಸ್ತಿ ಹಾಕಿದ್ರೆ? ಪ್ಯಾಕೆಟ್‌ನಿಂದ ಪ್ಯಾಕೆಟ್ಟಿಗೆ ವ್ಯತ್ಯಾಸ ಕಡಿಮೆ ಇರೋ ಮಷೀನನ್ನ 501ಕ್ಕೆ ಸೆಟ್ ಮಾಡಿ ನೆಮ್ಮದಿಯಾಗಿರಬಹುದು. ಏರುಪೇರು ಜಾಸ್ತಿ ಇರೋ ಮಷೀನನ್ನ ಹೆದರಿಕೆಗೆ 505ಕ್ಕೆ ಇಡಬೇಕಾಗುತ್ತೆ. ವ್ಯತ್ಯಾಸ ನಾಲ್ಕೇ ಮಿ.ಲೀ., ಒಂದು ಚಮಚಕ್ಕಿಂತ ಕಡಿಮೆ. 35,000 ಪ್ಯಾಕೆಟ್ಟಿಗೆ 140 ಲೀಟರ್. ಲೀಟರಿಗೆ 40 ರೂಪಾಯಿ ಅಂತ ಹಿಡಿದರೂ ದಿನಕ್ಕೆ ಒಂದು ಶಿಫ್ಟಿನಲ್ಲಿ, ಒಂದು ಮಷೀನಿನಲ್ಲಿ 5,600 ರೂಪಾಯಿ. ವರ್ಷಕ್ಕೆ 20 ಲಕ್ಷ ದಾಟುತ್ತೆ. ಸಹಕಾರಿ ಡೈರಿ ಆದ್ರೆ ಅದು ಬೆಳಗ್ಗೆ ಎದ್ದು ಹಾಲು ಕರೆದು ಸೊಸೈಟಿಗೆ ಹಾಕಿದವರ ದುಡ್ಡು. ಕಡಿಮೆ ಹಾಕಿದ್ರೆ ಕೊಳ್ಳೋರಿಗೆ ಮೋಸ, ಜಾಸ್ತಿ ಹಾಕಿದ್ರೆ ರೈತರಿಗೆ ನಷ್ಟ. ಈ ಎರಡರ ನಡುವಿನ ಜಾಗವನ್ನ ಎಷ್ಟು ಸಣ್ಣದು ಮಾಡಬಹುದು ಅನ್ನೋದೇ ಸೂಪರ್‌ವೈಸರ್‌ನ ಎಂಜಿನಿಯರಿಂಗ್.

ಸೀಲ್ ಬಿಡೋದು ಯಾಕೆ

ಸೀಲಿಗೆ ಬೇಕಾಗಿರೋದು ಮೂರು: ತಾಪ, ಸಮಯ, ಒತ್ತಡ. ಹಾಲಿನ ಪೌಚ್ ಫಿಲ್ಮು ಪಾಲಿಎಥಿಲೀನ್. ಸೀಲಿಂಗ್ ಬಾರ್‌ನಲ್ಲಿರೋ ನೈಕ್ರೋಮ್ ಪಟ್ಟಿಗೆ ಕ್ಷಣಹೊತ್ತು ಕರೆಂಟು ಹರಿದು ಬಿಸಿಯಾಗಿ ಎರಡು ಪದರ ಕರಗಿ ಅಂಟಿಕೊಳ್ಳುತ್ತೆ. ಫಿಲ್ಮು ಪಟ್ಟಿಗೇ ಅಂಟಬಾರದು ಅಂತ ನಡುವೆ ಟೆಫ್ಲಾನ್ ಟೇಪ್ ಇರುತ್ತೆ. ತಾಪ ಕಡಿಮೆ ಆದ್ರೆ ಅಂಟಲ್ಲ, ಜಾಸ್ತಿ ಆದ್ರೆ ಫಿಲ್ಮು ತೆಳುವಾಗಿ ಸೀಲಿನ ಪಕ್ಕದಲ್ಲೇ ಹರಿಯುತ್ತೆ. ಎರಡರಲ್ಲೂ ಹೊರಗೆ ಕಾಣೋದು ಒಂದೇ, ಲೀಕ್. ಕಾರಣ ಮಾತ್ರ ತದ್ವಿರುದ್ಧ. ಲೀಕ್ ಕಂಡ ಕೂಡಲೇ ತಾಪ ಏರಿಸೋರು ಅರ್ಧ ಸಲ ಸಮಸ್ಯೆಯನ್ನ ಹೆಚ್ಚು ಮಾಡ್ತಾರೆ.

ವೋಲ್ಟೇಜ್ ವಿಷಯ ನೋಡಿ. ಪಟ್ಟಿಯಲ್ಲಿ ಹುಟ್ಟೋ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಪಾತ. ವೋಲ್ಟೇಜ್ ಶೇಕಡಾ 5 ಇಳಿದ್ರೆ ಶಾಖ ಸುಮಾರು ಶೇಕಡಾ 10 ಇಳಿಯುತ್ತೆ. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾದ ಮೊದಲ ಕೆಲವು ನಿಮಿಷ ಅನುಭವಸ್ಥ ಆಪರೇಟರ್‌ಗಳು ಸೀಲ್ ಮೇಲೇ ಕಣ್ಣಿಟ್ಟಿರೋದು ಅದಕ್ಕೇ. ಸೂತ್ರ ಅವರು ಹೇಳಲ್ಲ. 'ಡಿಜಿ ಮೇಲೆ ಹೋದಾಗ ಸೀಲ್ ಆಟ ಆಡುತ್ತೆ' ಅಂತಾರೆ.

ಪರೀಕ್ಷೆ ಸರಳ. ಪ್ಯಾಕೆಟ್ಟನ್ನ ಎರಡು ಅಂಗೈ ನಡುವೆ ಇಟ್ಟು ಒತ್ತೋದು, ಸೀಲಿನ ಎರಡೂ ಮೂಲೆ ನೋಡೋದು, ನಿಗದಿ ಮಾಡಿದ ಎತ್ತರದಿಂದ ಬೀಳಿಸಿ ನೋಡೋದು. ಒಂದು ಕ್ರೇಟ್‌ನಲ್ಲಿ ಅರ್ಧ ಲೀಟರಿನ 20 ಪ್ಯಾಕೆಟ್ ಅಂತಿಟ್ಟುಕೊಳ್ಳಿ. ಒಂದು ಲೀಕ್ ಆದ್ರೆ ಉಳಿದ 19ರ ಮೈಮೇಲೆಲ್ಲ ಹಾಲು. ಬೆಳಗ್ಗೆ ಬೂತಿನವರ ಕೈಗೆ ಸೇರೋ ಹೊತ್ತಿಗೆ ಅಂಟಂಟು, ವಾಸನೆ. ಕೆಟ್ಟಿದ್ದು ಒಂದಾದರೂ ಗಿರಾಕಿ ಇಡೀ ಕ್ರೇಟನ್ನ ಅನುಮಾನದಿಂದ ನೋಡ್ತಾರೆ.

ಕವರಿನ ಮೇಲಿನ ಅಕ್ಷರ

ಪ್ಯಾಕೆಟ್ ಮೇಲೆ ಏನೇನಿರಬೇಕು ಅನ್ನೋದು ಕಂಪನಿಯ ಇಷ್ಟ ಅಲ್ಲ. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ 14 ಅಂಕಿ, ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ, ಎಂಆರ್‌ಪಿ, ದಿನಾಂಕ, ಬ್ಯಾಚ್ ಸಂಖ್ಯೆ, ದೂರು ಹೇಳೋಕೆ ಸಂಪರ್ಕ. ಹೆಚ್ಚಿನವು ಫಿಲ್ಮಿನಲ್ಲೇ ಅಚ್ಚಾಗಿ ಬರುತ್ತೆ. ದಿನ ದಿನ ಬದಲಾಗೋ ದಿನಾಂಕ, ಬ್ಯಾಚ್‌ನಂಥವು ಪ್ಯಾಕಿಂಗ್ ಮಷೀನಿನಲ್ಲಿ ಬೀಳುತ್ತೆ. ಅಪಾಯ ಇರೋದು ಇಲ್ಲೇ.

ಹಾಲಿನ ಪ್ಯಾಕಿಂಗ್ ರಾತ್ರಿ ಶಿಫ್ಟಿನ ಕೆಲಸ. ಸಂಜೆ ಶುರುವಾಗಿ ನಡುರಾತ್ರಿ ದಾಟುತ್ತೆ. ಹನ್ನೆರಡು ಗಂಟೆ ಹೊಡೆದಾಗ ಕೋಡ್ ಬದಲಾಗಬೇಕಾ, ಬದಲಾದರೆ ಯಾರು ಬದಲಿಸಬೇಕು, ಬದಲಾದ ಮೇಲೆ ಮೊದಲ ಪ್ಯಾಕೆಟ್ ನೋಡಿ ಸಹಿ ಹಾಕೋರು ಯಾರು ಅನ್ನೋದೆಲ್ಲ ಬರೆದಿಟ್ಟಿರಬೇಕು. ಹಾಲು ಎಷ್ಟೇ ಚೆನ್ನಾಗಿದ್ದರೂ ದಿನಾಂಕ ತಪ್ಪಿದ ಪ್ಯಾಕೆಟ್ ಮಾರೋ ಹಾಗಿಲ್ಲ. ನಾನಿದ್ದ ಕಡೆ ಶಿಫ್ಟಿನ ಮೊದಲ ಕವರಿನ ಕೋಡ್ ಇರೋ ಭಾಗವನ್ನ ಕತ್ತರಿಸಿ, ತೊಳೆದು ಒಣಗಿಸಿ ಲಾಗ್ ಬುಕ್ಕಿಗೆ ಅಂಟಿಸ್ತಿದ್ರು. ಹಳೇ ಕಾಲದ ಪದ್ಧತಿ ಅನ್ಸುತ್ತೆ, ಆದ್ರೆ ಆರು ತಿಂಗಳ ಹಿಂದಿನ ರಾತ್ರಿ ಏನು ಅಚ್ಚಾಗಿತ್ತು ಅಂತ ಕೇಳಿದ್ರೆ ತಕ್ಷಣ ಉತ್ತರ ಸಿಗುತ್ತೆ.

ಪ್ರಮಾಣವೇ ಬದಲಾದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2024ರ ಜೂನ್‌ನಲ್ಲಿ ಕೆಎಂಎಫ್ ನಂದಿನಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ 50 ಮಿ.ಲೀ. ಹೆಚ್ಚು ಹಾಲು ಕೊಡೋಕೆ ಶುರು ಮಾಡಿತು. 500 ಇದ್ದದ್ದು 550, 1,000 ಇದ್ದದ್ದು 1,050 ಆಯ್ತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಕೆಯ ಜೊತೆ ಪ್ರಮಾಣ ಮತ್ತೆ 500 ಮತ್ತು 1,000ಕ್ಕೆ ಬಂತು. ನಮಗೆ ಅದು ಪೇಪರಿನ ಸುದ್ದಿ. ಇಂಥ ಬದಲಾವಣೆಯನ್ನ ಯಾವುದೇ ಡೈರಿಯ ಪ್ಯಾಕಿಂಗ್ ಸೆಕ್ಷನ್ ಕಡೆಯಿಂದ ಯೋಚಿಸಿ: ತುಂಬೋ ಸೆಟ್ಟಿಂಗ್ ಬದಲಾಗಬೇಕು, ಪ್ಯಾಕೆಟ್ಟಿನ ಉದ್ದ ಸಾಕಾಗುತ್ತಾ ನೋಡಬೇಕು, ತೂಕದ ಚಾರ್ಟ್ ಹೊಸದಾಗಬೇಕು, ಹಳೇ ಪ್ರಮಾಣ ಅಚ್ಚಾದ ರೋಲು ಒಂದೂ ಮಷೀನ್ ಹತ್ತಿರ ಉಳಿದಿರಬಾರದು. ಒಂದು ರೋಲ್ ಬೆರೆತರೆ ಒಳಗಿರೋದೊಂದು, ಹೊರಗಿರೋ ಅಂಕಿ ಇನ್ನೊಂದು.

ಈ ಕೊನೆಯ ಕೆಲಸಕ್ಕೆ 'ಲೈನ್ ಕ್ಲಿಯರೆನ್ಸ್' ಅಂತಾರೆ. ಬೇರೆ ಕಾರ್ಖಾನೆಗಳಲ್ಲಿ ಇದು ಜೀವದ ಪ್ರಶ್ನೆಯೂ ಆಗುತ್ತೆ. ಬಾದಾಮಿ ಹಾಲು ತುಂಬಿದ ಲೈನಿನಲ್ಲಿ ಮುಂದೆ ಬೇರೆ ಫ್ಲೇವರ್ ತುಂಬಬೇಕು ಅಂದ್ಕೊಳ್ಳಿ. ಲೈನ್ ಸರಿಯಾಗಿ ತೊಳೆಯದೇ ಇದ್ರೆ, ಅಥವಾ ಬಾದಾಮಿ ಹಾಲಿನ ಬಾಟಲಿಗೆ ಬೇರೆ ಲೇಬಲ್ ಬಿದ್ದರೆ, ಬಾದಾಮಿ ಅಲರ್ಜಿ ಇರೋರು ಗೊತ್ತಿಲ್ಲದೆ ಕುಡೀತಾರೆ. ಬಿಸ್ಕತ್ತು ಲೈನಿನಲ್ಲಿ ಮೆಟಲ್ ಡಿಟೆಕ್ಟರ್, ಸೋಡಾ ಬಾಟಲಿಯಲ್ಲಿ ಮುಚ್ಚಳದ ಬಿಗಿತ, ಚಿಪ್ಸಿನಲ್ಲಿ ನೈಟ್ರೋಜನ್. ಹೆಸರು ಬೇರೆ ಬೇರೆ, ಕೆಲಸದ ಸ್ವಭಾವ ಒಂದೇ.

ರಾತ್ರಿ ಒಂದೂವರೆಗೆ ಬರೋ ಪ್ರಶ್ನೆ

ಇಷ್ಟೆಲ್ಲ ಗೊತ್ತಿದ್ದರೂ ಕಷ್ಟ ಬರೋದು ಗಡಿಯಾರದಿಂದ. ಎರಡು ಗಂಟೆಗೆ ದೂರದ ರೂಟಿನ ಗಾಡಿ ಹೊರಡಬೇಕು. ಐದಕ್ಕೆ ಬೂತು ತೆಗೀತಾರೆ. ಆರಕ್ಕೆ ಮನೆಗಳಲ್ಲಿ ಕಾಫಿ. ಹಾಲು ಒಂದು ಗಂಟೆ ತಡ ಆದ್ರೆ ಯಾರೂ ಕಾಯಲ್ಲ, ಬೇರೆ ಬ್ರ್ಯಾಂಡ್ ತಗೋತಾರೆ. ಅಂಥ ಹೊತ್ತಿನಲ್ಲಿ ಸೀಲ್ ಸ್ವಲ್ಪ ಸಡಿಲ ಅನ್ನಿಸಿದ್ರೆ ಏನು ಮಾಡ್ತೀರಿ?

ಒಂದು ರಾತ್ರಿ ಇದನ್ನ ಕಣ್ಣಾರೆ ನೋಡಿದೆ. ವಯಸ್ಸಾದ ಆಪರೇಟರ್ ಬಂದು ಶಿಫ್ಟ್ ಸೂಪರ್‌ವೈಸರ್‌ಗೆ ಹೇಳಿದ್ರು:

"ಸಾರ್, ಎರಡನೇ ಹೆಡ್ಡಿಂದು ಸರಿ ಬರ್ತಿಲ್ಲ. ಒತ್ತಿದ್ರೆ ಮೂಲೇಲಿ ಬಿಡ್ತಿದೆ."

"ಎಷ್ಟೊತ್ತಿಂದ ಅಣ್ಣ?"

"ಈಗ ಕಂಡಿದ್ದು. ಒಂದು ಗಂಟೆ ಚೆಕ್‌ನಲ್ಲಿ ಚೆನ್ನಾಗೇ ಇತ್ತು."

"ಆ ಹೆಡ್ ಆಫ್ ಮಾಡಿ. ಒಂದು ಗಂಟೆಯಿಂದ ಈಚೆ ಆ ಹೆಡ್‌ನಲ್ಲಿ ಬಂದ ಕ್ರೇಟೆಲ್ಲ ಪಕ್ಕಕ್ಕೆ ಹಾಕ್ಸಿ."

ಡಿಸ್ಪ್ಯಾಚ್‌ನವರು ಓಡಿ ಬಂದು "ಗಾಡಿ ನಿಂತಿದೆಯಲ್ಲ ಸಾರ್" ಅಂದ್ರು. ಅವರು ದನಿ ಏರಿಸದೆ, "ಮೊದಲನೇ ಹೆಡ್ಡಿಂದು ತುಂಬ್ಕೊಂಡು ದೂರದ ರೂಟ್ ಕಳಿಸಿಬಿಡಿ. ಹತ್ತಿರದ್ದು ಅರ್ಧ ಗಂಟೆ ಲೇಟಾದ್ರೂ ನಡೆಯುತ್ತೆ" ಅಂದ್ರು. ಅಷ್ಟರಲ್ಲಿ ಟೆಫ್ಲಾನ್ ಟೇಪ್ ಬದಲಾಯಿಸಿದ್ರು. ಪಕ್ಕಕ್ಕಿಟ್ಟ ಕ್ರೇಟ್‌ಗಳನ್ನ ಒಂದೊಂದಾಗಿ ಬಗ್ಗಿಸಿ ನೋಡಿದಾಗ ಲೀಕ್ ಸಿಕ್ಕಿದ್ದು ಕೊನೆಯ ಹತ್ತು ಹನ್ನೆರಡು ಕ್ರೇಟ್‌ಗಳಲ್ಲಿ. ಉಳಿದದ್ದು ಮುಂದಿನ ಗಾಡಿ ಹತ್ತಿತು.

ಹೊರಗಿಂದ ನೋಡಿದ್ರೆ ಇದು ಧೈರ್ಯ ಅನ್ಸುತ್ತೆ. ಲೆಕ್ಕ ಹಾಕಿ ನೋಡಿದ್ರೆ ಬೇರೇನೋ ಕಾಣುತ್ತೆ. ತೊಂದರೆ ಕಂಡದ್ದು 1.30ಕ್ಕೆ, ಕೊನೆಯ ಸರಿ ಇದ್ದ ಪರೀಕ್ಷೆ 1.00ಕ್ಕೆ. ನಡುವೆ ಬಂದದ್ದು 2,500 ಪ್ಯಾಕೆಟ್, ಅಂದ್ರೆ 125 ಕ್ರೇಟ್. ಎರಡು ಹೆಡ್ಡಿನ ಕ್ರೇಟ್ ಬೇರೆ ಬೇರೆ ಇಟ್ಟಿದ್ದರಿಂದ ತಡೆಯಬೇಕಾದದ್ದು ಅದರಲ್ಲಿ ಅರ್ಧ, 62 ಕ್ರೇಟ್ ಆಸುಪಾಸು. ಅದೇ ರಾತ್ರಿ ಪರೀಕ್ಷೆ ಎರಡು ಗಂಟೆಗೊಮ್ಮೆ ಆಗಿದ್ದರೆ, ಹೆಡ್‌ಗಳ ಗುರುತು ಇರದೇ ಇದ್ದಿದ್ದರೆ? 10,000 ಪ್ಯಾಕೆಟ್, 500 ಕ್ರೇಟ್. ಅಷ್ಟನ್ನ ಪಕ್ಕಕ್ಕಿಡಿ ಅನ್ನೋಕೆ ಎಂಥವರ ಬಾಯೂ ಬರಲ್ಲ. 'ಹೋಗ್ಲಿ ಬಿಡಿ, ಒಂದೆರಡು ಲೀಕ್ ಮಾಮೂಲಿ' ಅನ್ನೋ ಮಾತೇ ಬರುತ್ತೆ.

ಪರೀಕ್ಷೆ ಎಷ್ಟು ಹೊತ್ತಿಗೊಮ್ಮೆ ಮಾಡ್ತೀವಿ ಅನ್ನೋದೇ ನಿಲ್ಲಿಸೋದಕ್ಕೆ ಎಷ್ಟು ಬೆಲೆ ಕೊಡ್ತೀವಿ ಅನ್ನೋದನ್ನ ತೀರ್ಮಾನಿಸುತ್ತೆ. ಹತ್ತು ನಿಮಿಷಕ್ಕೊಮ್ಮೆ ನೋಡಿದ್ರೆ ಒಂದು ಮಷೀನಿನಲ್ಲಿ ತಡೆಯಬೇಕಾದದ್ದು ಸುಮಾರು 42 ಕ್ರೇಟ್, ಒಂದೇ ಹೆಡ್ಡಿನದ್ದಾದರೆ 21. ಒಂದೂವರೆ ಗಂಟೆಯ ಆ ಧೈರ್ಯವನ್ನ ಸೂಪರ್‌ವೈಸರ್ ಸಂಜೆ ಎಂಟರಿಂದ ಸ್ವಲ್ಪ ಸ್ವಲ್ಪವಾಗಿ ಕೂಡಿಡ್ತಾ ಬಂದಿರ್ತಾರೆ. ಬೇಜಾರು ಅನ್ನಿಸೋ ಆ ಚೆಕ್‌ಶೀಟು, ಅದರ ಮೇಲಿನ ಸಮಯ, ಸಹಿ, ಹೆಡ್ ನಂಬರು, ಇವೇ ಆ ಉಳಿತಾಯ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ಲಾಂಟ್‌ಗಳಲ್ಲಿ ಲೈನಿನ ಸಾಧನೆಯನ್ನ ಓಇಇ ಅನ್ನೋ ಒಂದು ಸಂಖ್ಯೆಯಲ್ಲಿ ಅಳೀತಾರೆ: ಓಡಿದ ಸಮಯ, ಓಡಿದ ವೇಗ, ಸರಿಯಾದ ಪ್ಯಾಕೆಟ್, ಈ ಮೂರರ ಶೇಕಡಾವಾರು ಗುಣಲಬ್ಧ. ಓಡಬೇಕಾದ 435 ನಿಮಿಷದಲ್ಲಿ 60 ನಿಮಿಷ ನಿಂತು, 31,250 ತೆಗೆಯಬಹುದಾದಲ್ಲಿ 28,000 ತೆಗೆದು, ಅದರಲ್ಲಿ 280 ರಿಜೆಕ್ಟ್ ಆದ್ರೆ ಓಇಇ ಸುಮಾರು ಶೇಕಡಾ 76. ಒಳ್ಳೆ ಅಳತೆಗೋಲು. ಆದ್ರೆ ನಿಲ್ಲಿಸಿದ ಹತ್ತು ನಿಮಿಷ ಇದರಲ್ಲಿ ಕಾಣುತ್ತೆ, ನಿಲ್ಲಿಸದೆ ಕಳಿಸಿದ ಲೀಕ್ ಪ್ಯಾಕೆಟ್ ಕಾಣಲ್ಲ. ಅದು ಕಾಣೋದು ಮಾರನೇ ದಿನ ಬೂತಿನಲ್ಲಿ. ಸಂಖ್ಯೆ ಚೆನ್ನಾಗಿ ಕಾಣಲಿ ಅಂತ ನಿಲ್ಲಿಸಿದವರಿಗೆ ಬೈದರೆ, ಮುಂದಿನ ಸಲ ಆಪರೇಟರ್ ಬಂದು ಹೇಳಲ್ಲ. ಅಲ್ಲಿಗೆ ಸೂಪರ್‌ವೈಸರ್‌ನ ಕಣ್ಣು ಹೋದ ಹಾಗೆ.

ಅಣ್ಣಂದಿರ ಜೊತೆ ಕೆಲಸ

ಕ್ಯಾಂಪಸ್‌ನಿಂದ ನೇರ ಹೋದವರಿಗೆ ಮಷೀನಿಗಿಂತ ಕಷ್ಟದ ಪಾಠ ಇದು. ನಿಮಗೆ 22, ನಿಮ್ಮ ಕೈಕೆಳಗಿನ ಆಪರೇಟರ್‌ಗೆ ಅದೇ ಮಷೀನಿನ ಮುಂದೆ 20 ವರ್ಷ. ಅವರು ನಿಮ್ಮನ್ನ 'ಸಾರ್', 'ಮೇಡಂ' ಅಂತಾರೆ. ನೀವು ಅವರನ್ನ 'ಅಣ್ಣ' ಅನ್ನದೆ ಹೆಸರು ಹಿಡಿದು ಕರೆದರೆ ಮೊದಲ ವಾರವೇ ಕೆಲಸ ಕೆಡುತ್ತೆ. ಮಷೀನಿನ ಶಬ್ದ ಬದಲಾದ ತಕ್ಷಣ ಅವರಿಗೆ ಗೊತ್ತಾಗುತ್ತೆ, ಯಾಕೆ ಬದಲಾಯ್ತು ಅಂತ ಅಳೆದು ತೋರಿಸೋದು ನಿಮ್ಮ ಕೆಲಸ. ಎರಡೂ ಸೇರಿದ್ರೆ ಸಮಸ್ಯೆ ಬಗೆಹರಿಯುತ್ತೆ.

ಇನ್ನು ಕ್ರೇಟ್ ಎತ್ತೋರು, ತೊಳೆಯೋರು, ಲೋಡಿಂಗ್‌ನವರು. ಇವರಲ್ಲಿ ಹಲವರು ಗುತ್ತಿಗೆ ಕೆಲಸದವರು. ಹಾಲು ತುಂಬಿದ ಕ್ರೇಟು 10 ಕಿಲೋ ಮೀರುತ್ತೆ, ರಾತ್ರಿ ಪೂರ್ತಿ ಎತ್ತಬೇಕು. ನೆಲ ಸದಾ ಒದ್ದೆ, ಕೋಲ್ಡ್ ಸ್ಟೋರ್ ಒಳಗೆ ಚಳಿ, ಹೊರಗೆ ಸೆಕೆ. ಗಮ್‌ಬೂಟು, ಜರ್ಕಿನ್, ಮಧ್ಯೆ ಬಿಸಿ ಚಹಾ, ಸಾಲದ್ದಕ್ಕೆ ಹತ್ತು ನಿಮಿಷ ಕೂರೋಕೆ ಜಾಗ. ಇದನ್ನೆಲ್ಲ ನೋಡ್ಕೊಳ್ಳೋದೂ ಸೂಪರ್‌ವೈಸರೇ. ಕೈ ತೊಳೆಯೋ ನೀರು, ಸೋಪು ಹತ್ತಿರ ಇಲ್ಲದೆ 'ಕೈ ತೊಳೀರಿ' ಅಂತ ಬೋರ್ಡ್ ಹಾಕಿದ್ರೆ ಹೈಜೀನ್ ಬರಲ್ಲ. ಸುಸ್ತಾದವರು ಚೆಕ್ ಮಾಡದೇ ಟಿಕ್ ಹಾಕ್ತಾರೆ. ಹಾಗಾಗಿ ಅವರ ಆರಾಮಕ್ಕೂ ಪ್ಯಾಕೆಟ್ಟಿನ ಗುಣಮಟ್ಟಕ್ಕೂ ನೇರ ಸಂಬಂಧ ಇದೆ.

ನಮಗೆ ಇದು ಆಗುತ್ತಾ?

ಕಷ್ಟಗಳನ್ನ ಮೊದಲು ಹೇಳಿಬಿಡ್ತೀನಿ. ರಾತ್ರಿ ಶಿಫ್ಟ್ ತಪ್ಪಲ್ಲ. ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ ಅಂದ್ರೆ ಊರಿಗೆಲ್ಲ ರಜೆ, ಇಲ್ಲಿ ಡಿಮ್ಯಾಂಡ್ ಏರೋ ದಿನ. ಎಲ್ಲ ಸರಿ ಹೋದ ರಾತ್ರಿಯನ್ನ ಯಾರೂ ಗಮನಿಸಲ್ಲ, ತಪ್ಪಿದ ರಾತ್ರಿಗೆ ಫೋನ್ ಬರುತ್ತೆ. ಡಿಪ್ಲೊಮಾ ಮಾಡಿ ಚೆನ್ನಾಗಿ ಪಳಗಿದವರ ಜೊತೆ ನೀವು ಪೈಪೋಟಿ ಮಾಡಬೇಕು.

ಒಳ್ಳೆಯದು ಏನಂದ್ರೆ, ಓದಿದ್ದೆಲ್ಲ ಒಂದೇ ಕಡೆ ಉಪಯೋಗಕ್ಕೆ ಬರೋ ಕೆಲಸ ಹೆಚ್ಚಿಲ್ಲ. ಮೆಕ್ಯಾನಿಕಲ್‌ನವರಿಗೆ ಕ್ಯಾಮ್, ನ್ಯೂಮ್ಯಾಟಿಕ್ಸ್. ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಶನ್‌ನವರಿಗೆ ಪಿಎಲ್‌ಸಿ, ಸೆನ್ಸರು, ಲೋಡ್ ಸೆಲ್. ಕೆಮಿಕಲ್, ಬಯೋಟೆಕ್‌ನವರಿಗೆ ಸ್ವಚ್ಛತೆ, ಸೂಕ್ಷ್ಮಜೀವಿ, ಪಾಲಿಮರ್. ಇಂಡಸ್ಟ್ರಿಯಲ್‌ನವರಿಗೆ ಸ್ಟ್ಯಾಟಿಸ್ಟಿಕ್ಸ್, ಲೈನ್ ಬ್ಯಾಲೆನ್ಸಿಂಗ್. ಇಲ್ಲಿಂದ ಮುಂದೆ ಪ್ರೊಡಕ್ಷನ್, ಕ್ವಾಲಿಟಿ, ಮೆಂಟೆನೆನ್ಸ್, ಹೊಸ ಪ್ಯಾಕೇಜ್ ವಿನ್ಯಾಸ, ಯಾವ ಕಡೆಗೂ ಹೋಗಬಹುದು. ಇನ್ನೂ ಓದಬೇಕು ಅನ್ನೋರಿಗೆ ಮೈಸೂರಿನ ಸಿಎಫ್‌ಟಿಆರ್‌ಐ, ಬೆಂಗಳೂರಿನ ಹೆಬ್ಬಾಳದ ಡೈರಿ ಸೈನ್ಸ್ ಕಾಲೇಜು ನಮ್ಮ ರಾಜ್ಯದಲ್ಲೇ ಇವೆ. ಮುಂಬೈ ಮೂಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್‌ಗೆ ಬೆಂಗಳೂರಿನಲ್ಲೂ ಕೇಂದ್ರ ಇದೆ. ಕೆಲಸಕ್ಕೆ ಜಿಲ್ಲಾ ಹಾಲು ಒಕ್ಕೂಟಗಳ ನೇಮಕಾತಿ ಪ್ರಕಟಣೆ ನೋಡ್ತಾ ಇರಿ. ಹುದ್ದೆಯ ಹೆಸರು ಕಡೆಯಿಂದ ಕಡೆಗೆ ಬೇರೆ ಇರುತ್ತೆ, 'ಪ್ಯಾಕೇಜಿಂಗ್ ಸೂಪರ್‌ವೈಸರ್' ಅಂತಲೇ ಹುಡುಕಿದ್ರೆ ಅರ್ಧ ಅವಕಾಶ ಕೈತಪ್ಪುತ್ತೆ.

ಅದಕ್ಕೂ ಮೊದಲು, ಮುಂದಿನ ಸೆಮಿಸ್ಟರ್‌ನಲ್ಲಿ ಇಂಡಸ್ಟ್ರಿಯಲ್ ವಿಸಿಟ್‌ಗೆ ಯಾವುದಾದರೂ ಡೈರಿಗೋ, ಜ್ಯೂಸ್ ಪ್ಲಾಂಟ್‌ಗೋ ಹೋದ್ರೆ, ಪಾಶ್ಚರೈಸರ್ ಮುಂದೆ ಗ್ರೂಪ್ ಫೋಟೋ ತೆಗೆಸ್ಕೊಂಡು ಬಸ್ ಹತ್ತಬೇಡಿ. ಪ್ಯಾಕಿಂಗ್ ಸೆಕ್ಷನ್ನಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತಿಗೊಮ್ಮೆ ಚೆಕ್ ಮಾಡ್ತೀರಿ? ತಪ್ಪು ಕಂಡ್ರೆ ಎಲ್ಲಿಂದ ಎಲ್ಲಿ ತನಕ ಪಕ್ಕಕ್ಕಿಡ್ತೀರಿ? ಲೈನ್ ನಿಲ್ಲಿಸೋಕೆ ಆಪರೇಟರ್ ಯಾರನ್ನಾದರೂ ಕೇಳಬೇಕಾ? ಮೂರನೇ ಪ್ರಶ್ನೆಗೆ "ಇಲ್ಲ, ಅವರೇ ನಿಲ್ಲಿಸಬಹುದು" ಅಂತ ತಡವರಿಸದೆ ಉತ್ತರ ಬಂದ್ರೆ, ಆ ಪ್ಲಾಂಟಿನ ಸೂಪರ್‌ವೈಸರ್ ಹತ್ತಿರ ಇನ್ನೂ ಅರ್ಧ ಗಂಟೆ ನಿಂತು ಮಾತಾಡಿ. ಕಲಿಯೋಕೆ ಬೇಕಾದಷ್ಟು ಸಿಗುತ್ತೆ.